ಗಾಲಾ ಡಿನ್ನರ್ ಮಾಡಿ ಮಾಜಿ ಸೈನಿಕರೊಬ್ಬರಿಗೆ ಪೈಲಟ್ ಲೈಸೆನ್ಸ್ ಕೊಡಿಸುವುದು ಹೇಗೆ

ಗಾಲಾ ಅಂದರೆ ಒಳ್ಳೆಯ ಕೆಲಸಕ್ಕೆ ದುಡ್ಡು ಎತ್ತಲು ಮಾಡುವ ದೊಡ್ಡ ಔತಣ. ನಮ್ಮ ಮೊದಲ ವರ್ಷದ ಕಥೆ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಹತ್ತಿರ ಒಂದು ಹೋಟೆಲ್ ಹಾಲ್. 180 ಜನ. ಸೂಟು, ಸೀರೆ, ಮೆಡಲ್ ಹಾಕಿಕೊಂಡು ಬಂದ ಅಜ್ಜಂದಿರು, ಬ್ಯಾಂಡು, ಊಟ, ಹರಾಜು, ಎಲ್ಲ ಭರ್ಜರಿ. ಫೋಟೋಗಳು ಇವತ್ತಿಗೂ ಚೆನ್ನಾಗಿವೆ. ಬಿಲ್ಲುಗಳನ್ನೆಲ್ಲ ಕಳೆದ ಮೇಲೆ ಉಳಿದದ್ದು ಸುಮಾರು 10,000 ಡಾಲರ್. ನಾಲ್ಕು ಜನ ಮಾಜಿ ಸೈನಿಕರು ಅರ್ಜಿ ಹಾಕಿದ್ದರು. ಯಾರಿಗೂ ಇಲ್ಲ ಅನ್ನಲು ಬಾಯಿ ಬರಲಿಲ್ಲ, ತಲೆಗೆ 2,500 ಹಂಚಿದೆವು. ನಾಲ್ವರೂ ತಲಾ ಹತ್ತು ಗಂಟೆ ವಿಮಾನ ಹಾರಿಸಿದರು. ದುಡ್ಡು ಮುಗಿಯಿತು. ನಾಲ್ವರೂ ನಿಂತರು. ಲೈಸೆನ್ಸ್ ಬಂದದ್ದು ಸೊನ್ನೆ.

ಹಾರಾಟ ಕಲಿಯುವುದು ಕಾರು ಕಲಿತ ಹಾಗಲ್ಲ. ಮೂರು ತಿಂಗಳು ಬಿಟ್ಟರೆ ಕೈ ಮರೆಯುತ್ತದೆ, ಮತ್ತೆ ಶುರು ಮಾಡಿದಾಗ ಹಿಂದಿನ ನಾಲ್ಕೈದು ಗಂಟೆಯ ಪಾಠವನ್ನೇ ಮತ್ತೆ ದುಡ್ಡು ಕೊಟ್ಟು ಕಲಿಯಬೇಕು. ಹಾಗಾಗಿ ನಾಲ್ವರಿಗೆ ಕಾಲು ಕಾಲು ಭಾಗ ಕೊಡುವುದೂ ಒಂದೇ, ಯಾರಿಗೂ ಏನೂ ಕೊಡದೇ ಇರುವುದೂ ಹೆಚ್ಚುಕಡಿಮೆ ಒಂದೇ. ಈಗ ನಮ್ಮ ಕಮಿಟಿಯ ಗುರಿ ಇಷ್ಟೇ: ಒಬ್ಬರು, ಪೂರ್ತಿ, ಲೈಸೆನ್ಸ್ ಕೈಗೆ ಬರುವ ತನಕ. ಎರಡನೆಯವರ ಮಾತು ಮೊದಲನೆಯವರ ದುಡ್ಡು ಪೂರ್ತಿ ಜಮಾ ಆದ ಮೇಲೆ. ಕೆಳಗೆ ಬರೆದಿರುವುದೆಲ್ಲ ಈ ಒಂದು ಗುರಿಯ ಸುತ್ತವೇ ಇದೆ.

ಅಮೆರಿಕದಲ್ಲಿರುವ ನಮ್ಮ ಕನ್ನಡದವರು ಈಗೀಗ ಇಂಥ ಕೆಲಸಕ್ಕೆ ಕೈ ಹಾಕುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮೂರಿನಲ್ಲಂತೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. ರೈಟ್ ಸಹೋದರರ ಊರು ಇದು, 1904 ಮತ್ತು 1905ರಲ್ಲಿ ಅವರು ಹಾರಿ ಹಾರಿ ಪಳಗಿದ ಹಫ್‌ಮನ್ ಪ್ರೇರಿ ಮೈದಾನ ಇವತ್ತು ರೈಟ್ ಪ್ಯಾಟರ್ಸನ್ ವಾಯುಪಡೆ ನೆಲೆಯ ಒಳಗಿದೆ. ಪಕ್ಕದ ಮನೆಯವರು, ಆಫೀಸಿನವರು, ಮಕ್ಕಳ ಸಾಕರ್ ಕೋಚು, ಯಾರನ್ನು ಮಾತಾಡಿಸಿದರೂ ಒಂದಲ್ಲ ಒಂದು ಕಾಲದಲ್ಲಿ ಸೇನೆಯಲ್ಲಿ ಇದ್ದವರೇ. ಸೈನ್ಯ ಬಿಟ್ಟು ಬಂದವರು ವಿಮಾನದ ಕಡೆ ಹೊರಳುವುದು ನಮಗೇನು ಹೊಸದಲ್ಲ ಬಿಡಿ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಸೇನೆಯಿಂದ ಬಂದವರೇ, 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದವರು. ಕನ್ನಡ ಕೂಟದ ಹಿರಿಯರಿಗೆ ಈ ಹೆಸರು ಹೇಳಿದರೆ ಅರ್ಧ ಕೆಲಸ ಆದ ಹಾಗೆ.

ಮೊದಲು ಲೈಸೆನ್ಸಿನ ಲೆಕ್ಕ, ಆಮೇಲೆ ಹಾಲ್

"ಮಾಜಿ ಸೈನಿಕರಿಗೆ ಸರ್ಕಾರವೇ ಓದಿಸುತ್ತದಲ್ಲ, ಜಿಐ ಬಿಲ್ ಇದೆಯಲ್ಲ?" ಟಿಕೆಟ್ ಮಾರಲು ಹೋದಲ್ಲೆಲ್ಲ ಇದೇ ಪ್ರಶ್ನೆ. ಇದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಗಾಲಾ ಮಾಡಬೇಡಿ. ಕಾಲೇಜಿಗೆ ಸೇರಿ ಡಿಗ್ರಿಯ ಜೊತೆಗೆ ಹಾರಾಟ ಕಲಿಯುವ ದಾರಿ ಬೇರೆ. ಆದರೆ ಮದುವೆ, ಮಕ್ಕಳು, ಕೆಲಸ ಎಲ್ಲ ಇರುವ 35 ವರ್ಷದ ಮಾಜಿ ಸೈನಿಕರು ಊರಿನ ಫ್ಲೈಟ್ ಸ್ಕೂಲಿಗೆ ಹೋಗುತ್ತೇನೆ ಅಂದರೆ, ಜಿಐ ಬಿಲ್ ದುಡ್ಡು ಸಿಗಬೇಕಾದರೆ ಮೊದಲೇ ಪ್ರೈವೇಟ್ ಪೈಲಟ್ ಲೈಸೆನ್ಸ್ (ದುಡ್ಡಿಗಲ್ಲದೆ ಸ್ವಂತಕ್ಕೆ ಹಾರಿಸುವ ಮೊದಲ ಲೈಸೆನ್ಸ್) ಇರಬೇಕು! ಮುಂದಿನ ಕಮರ್ಷಿಯಲ್ ಲೈಸೆನ್ಸಿಗೆ, ಮೋಡದಲ್ಲೂ ಉಪಕರಣ ನೋಡಿಯೇ ಹಾರಿಸುವ ಇನ್‌ಸ್ಟ್ರುಮೆಂಟ್ ರೇಟಿಂಗಿಗೆ ಸರ್ಕಾರ ಒಂದು ಮಿತಿಯೊಳಗೆ ಕೊಡುತ್ತದೆ, ಮೊದಲ ಮೆಟ್ಟಿಲಿಗೆ ಮಾತ್ರ ಇಲ್ಲ. ನಿಮ್ಮ ಗಾಲಾ ದುಡ್ಡು ಹೋಗಬೇಕಾದದ್ದು ಸರಿಯಾಗಿ ಅಲ್ಲಿಗೇ. ಒಂದು ಪ್ರೈವೇಟ್ ಲೈಸೆನ್ಸ್ ಕೊಡಿಸಿದರೆ ಅದರ ಹಿಂದೆ ಸರ್ಕಾರದ ದುಡ್ಡಿನ ಬಾಗಿಲು ತಾನೇ ತೆರೆಯುತ್ತದೆ. ಈ ಒಂದು ಮಾತನ್ನು ಸರಿಯಾಗಿ ಹೇಳಿದ ದಿನ ನಮಗೆ ಸ್ಪಾನ್ಸರ್ ಸಿಗಲು ಶುರುವಾದರು.

ಈಗ ಅಂಕಿ. ಇಲ್ಲಿನ ವಿಮಾನಯಾನ ಇಲಾಖೆಯಾದ ಎಫ್‌ಎಎ ನಿಯಮದ ಪ್ರಕಾರ ಪ್ರೈವೇಟ್ ಲೈಸೆನ್ಸಿಗೆ ಕನಿಷ್ಠ 40 ಗಂಟೆ ಹಾರಾಟ ಸಾಕು, ಪಾರ್ಟ್ 141 ಅನ್ನುವ ಮಾನ್ಯತೆ ಇರುವ ಸ್ಕೂಲಿನಲ್ಲಾದರೆ 35. ಕಾಗದದ ಮೇಲೆ. ನಿಜಕ್ಕೂ ಕೆಲಸದ ನಡುವೆ ಕಲಿಯುವವರಿಗೆ 60ರಿಂದ 75 ಗಂಟೆ ಹಿಡಿಯುತ್ತದೆ. ಸ್ಕೂಲಿನವರು ಜಾಹೀರಾತಿನಲ್ಲಿ 40 ಗಂಟೆಯ ರೇಟ್ ಹಾಕಿರುತ್ತಾರೆ, ಅದನ್ನು ನಂಬಿ ಬಜೆಟ್ ಹಾಕಬೇಡಿ. ನಮ್ಮ ಲೆಕ್ಕ ಹೀಗಿತ್ತು: ಕಲಿಯಲು ಬಳಸುವ ಪುಟ್ಟ ವಿಮಾನ ಸೆಸ್ನಾ 172ರ ಬಾಡಿಗೆ ಪೆಟ್ರೋಲ್ ಸೇರಿ ಗಂಟೆಗೆ 180, ಇನ್‌ಸ್ಟ್ರಕ್ಟರ್‌ಗೆ 70, ಒಟ್ಟು 250. ಇನ್‌ಸ್ಟ್ರಕ್ಟರ್ ಜೊತೆಗೆ 50 ಗಂಟೆ ಅಂದರೆ 12,500. ಒಬ್ಬರೇ ಹಾರಿಸುವ ಸೋಲೋ 15 ಗಂಟೆ ಅಂದರೆ 2,700. ಮೇಲೆ ಪುಸ್ತಕ, ಹೆಡ್‌ಸೆಟ್, ಮೆಡಿಕಲ್, ಬರಹದ ಪರೀಕ್ಷೆಗೆ 175, ಕೊನೆಯಲ್ಲಿ ಚೆಕ್‌ರೈಡ್ ಅನ್ನುವ ಹಾರಾಟದ ಪರೀಕ್ಷೆ ತೆಗೆದುಕೊಳ್ಳುವ ಎಕ್ಸಾಮಿನರ್ ಫೀಸು. ಎಲ್ಲ ಸೇರಿ 17,500 ಆಯಿತು. ನಿಮ್ಮೂರಿನ ರೇಟ್ ಬೇರೆ ಇರುತ್ತದೆ, ಎರಡು ಸ್ಕೂಲಿಗೆ ಖುದ್ದಾಗಿ ಹೋಗಿ ಕೇಳಿ ಬನ್ನಿ, ಫೋನಿನಲ್ಲಿ ಸರಿಯಾಗಿ ಹೇಳುವುದಿಲ್ಲ.

ಪೋಸ್ಟರಿನಲ್ಲಿ "ಏರ್‌ಲೈನ್ ಪೈಲಟ್ ಮಾಡುತ್ತೇವೆ" ಅಂತ ಮಾತ್ರ ಬರೆಯಬೇಡಿ. 2009ರಲ್ಲಿ ಬಫಲೋ ಹತ್ತಿರ ಆದ ವಿಮಾನ ಅಪಘಾತದ ನಂತರ ಬಂದ ನಿಯಮದಿಂದ ಏರ್‌ಲೈನ್ ಸೇರಲು ಸಾಮಾನ್ಯವಾಗಿ 1,500 ಗಂಟೆ ಹಾರಾಟ ಬೇಕು. ನೀವು ಕೊಡಿಸುವುದು ಮೊದಲ 65.

ಯಾರ ಹೆಸರಿನಲ್ಲಿ ದುಡ್ಡು

ನಿಮ್ಮ ಕೂಟವೋ ಸಂಘವೋ 501 ಸಿ 3, ಅಂದರೆ ತೆರಿಗೆ ವಿನಾಯಿತಿ ಇರುವ ದತ್ತಿ ಸಂಸ್ಥೆ ಆಗಿದ್ದರೆ ಸರಿ, ಇಲ್ಲದಿದ್ದರೆ ಇದೊಂದು ಡಿನ್ನರ್‌ಗೋಸ್ಕರ ಹೊಸ ಸಂಸ್ಥೆ ಹುಟ್ಟುಹಾಕಬೇಡಿ. ಈಗಾಗಲೇ ಇರುವ ಒಂದು ಸಂಸ್ಥೆಯ ಜೊತೆ ಸೇರಿಕೊಳ್ಳಿ. ಗಾಯಗೊಂಡ ಮಾಜಿ ಸೈನಿಕರೂ ಸೇರಿದಂತೆ ಅಂಗವೈಕಲ್ಯ ಇರುವವರಿಗೆ ಹಾರಾಟ ಕಲಿಸುವ ಏಬಲ್ ಫ್ಲೈಟ್ ಇದೆ, ವೈಮಾನಿಕ ಸ್ಕಾಲರ್‌ಶಿಪ್ ಕೊಡುವ ಎಒಪಿಎ ಫೌಂಡೇಶನ್ ಇದೆ. ಊರಿನದೇ ಚಿಕ್ಕ ಸಂಸ್ಥೆ ಆದರೆ ತೆರಿಗೆ ಇಲಾಖೆಯಾದ ಐಆರ್‌ಎಸ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಿ, ಐದು ನಿಮಿಷದ ಕೆಲಸ. ಅಲ್ಲಿ ಹೆಸರು ಇಲ್ಲದಿದ್ದರೆ ಎಷ್ಟೇ ಒಳ್ಳೆಯವರಾದರೂ ನಮಸ್ಕಾರ ಹೇಳಿ ಬನ್ನಿ.

ರಸೀದಿಯ ವಿಷಯದಲ್ಲಿ ನಮ್ಮವರು ಸ್ವಲ್ಪ ಉದಾಸೀನ. ಟಿಕೆಟ್ 125 ಇದ್ದು ಅದರಲ್ಲಿ ಊಟದ ಮಾರುಕಟ್ಟೆ ಬೆಲೆ 70 ಆದರೆ, ತೆರಿಗೆ ಲೆಕ್ಕಕ್ಕೆ ದಾನ ಅನ್ನಿಸಿಕೊಳ್ಳುವುದು 55 ಮಾತ್ರ. 75 ಡಾಲರಿಗಿಂತ ಜಾಸ್ತಿ ಕೊಟ್ಟು ಬದಲಿಗೆ ಊಟವೋ ವಸ್ತುವೋ ಪಡೆದವರಿಗೆ ಈ ಲೆಕ್ಕವನ್ನು ಬರಹದಲ್ಲಿ ತಿಳಿಸುವುದು ಸಂಸ್ಥೆಯ ಜವಾಬ್ದಾರಿ. ಟಿಕೆಟ್ ಮೇಲೇ ಒಂದು ಸಾಲು ಅಚ್ಚು ಹಾಕಿಸಿಬಿಡಿ, ಮುಗಿಯಿತು. 250 ಅಥವಾ ಅದಕ್ಕೂ ಮೇಲೆ ದಾನ ಕೊಟ್ಟವರಿಗೆ ಪತ್ರ ಬೇಕೇ ಬೇಕು. ಐಟಿ ಕಂಪನಿಗಳಲ್ಲಿರುವವರಿಗೆ "ನಿಮ್ಮ ಕಂಪನಿ ಮ್ಯಾಚ್ ಮಾಡುತ್ತಾ?" ಅಂತ, ಅಂದರೆ ನೀವು ಕೊಟ್ಟದ್ದರ ಜೊತೆಗೆ ಕಂಪನಿಯೂ ದಾನ ಕೊಡುತ್ತದಾ ಅಂತ, ಅಲ್ಲೇ ಕೇಳಿ. ನಾವು ಕೇಳದೆ ಬಿಟ್ಟ ಒಂದು ವರ್ಷ ಎಷ್ಟು ಕಳೆದುಕೊಂಡೆವೋ, ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಒಂದು ಸೂಕ್ಷ್ಮ: ಡಿಗ್ರಿ ಇಲ್ಲದ ಹಾರಾಟದ ಸ್ಕಾಲರ್‌ಶಿಪ್ ಪಡೆಯುವವರಿಗೆ ಅದು ತೆರಿಗೆಯ ಆದಾಯ ಆಗಬಹುದು. ಅವರಿಗೆ ಮೊದಲೇ ಹೇಳಿ, ತೆರಿಗೆ ಲೆಕ್ಕ ನೋಡುವ ಒಬ್ಬ ಸಿಪಿಎ ಹತ್ತಿರ ಕೂರಿಸಿ. ಸ್ಕಾಲರ್‌ಶಿಪ್ ಬಂದ ಖುಷಿಯಲ್ಲಿರುವವರಿಗೆ ತೆರಿಗೆ ಕಟ್ಟುವ ಏಪ್ರಿಲ್‌ನಲ್ಲಿ ಶಾಕ್ ಕೊಡಬಾರದಲ್ವಾ.

ದಿನ ಮತ್ತು ಹಾಲ್

ನವೆಂಬರ್ 11 ವೆಟರನ್ಸ್ ಡೇ, ಅದರ ಹತ್ತಿರದ ಶನಿವಾರ ಎಲ್ಲರಿಗೂ ಹೊಳೆಯುವ ದಿನ. ಎಲ್ಲರಿಗೂ ಹೊಳೆಯುತ್ತದೆ, ಅದೇ ತೊಂದರೆ. ಹಾಲ್ ಒಂಬತ್ತು ತಿಂಗಳು ಮೊದಲೇ ಹಿಡಿಯಬೇಕು. ಅದೇ ತಿಂಗಳು ಕೂಟದ ರಾಜ್ಯೋತ್ಸವ ಕಾರ್ಯಕ್ರಮ ಇರುತ್ತದೆ, ದೀಪಾವಳಿ ಒಮ್ಮೊಮ್ಮೆ ಅಲ್ಲೇ ಬಂದು ಬೀಳುತ್ತದೆ, ಸ್ವಯಂಸೇವಕರು ಅವರೇ ಹತ್ತು ಜನ. ಓಹಾಯೋದಲ್ಲಿದ್ದರೆ ಥ್ಯಾಂಕ್ಸ್‌ಗಿವಿಂಗ್ ನಂತರದ ಶನಿವಾರ ಮಾತ್ರ ಬೇಡವೇ ಬೇಡ, ಅವತ್ತು ಓಹಾಯೋ ಸ್ಟೇಟ್ ಮಿಶಿಗನ್ ಫುಟ್‌ಬಾಲ್ ಮ್ಯಾಚ್, ದೇವರೇ ಬಂದು ಕರೆದರೂ ಜನ ಟಿವಿ ಬಿಟ್ಟು ಏಳುವುದಿಲ್ಲ. ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇ ವಾರಾಂತ್ಯ ಇಟ್ಟುಕೊಂಡರೆ ಸ್ವಭಾವವೇ ಬೇರೆ: ಅದು ಯುದ್ಧದಲ್ಲಿ ಸತ್ತವರ ದಿನ, ಬದುಕಿರುವ ಮಾಜಿ ಸೈನಿಕರಿಗೆ "ಹ್ಯಾಪಿ ಮೆಮೋರಿಯಲ್ ಡೇ" ಅಂದರೆ ಮುಖ ಗಂಟಾಗುತ್ತದೆ. ನವೆಂಬರ್‌ನಲ್ಲಿ ಮಾಡುವುದಕ್ಕೆ ಇನ್ನೊಂದು ಲಾಭ ಇದೆ. ಚಳಿಗಾಲ ಪೂರ್ತಿ ಇಲ್ಲಿ ಮೋಡ ನೆಲಕ್ಕೆ ಹತ್ತಿ ಕೂತಿರುತ್ತದೆ, ಪಾಠಗಳು ಸುಮ್ನೆ ಕ್ಯಾನ್ಸಲ್ ಆಗುತ್ತವೆ. ನವೆಂಬರ್‌ನಲ್ಲಿ ದುಡ್ಡು ಎತ್ತಿ, ಚಳಿಗಾಲದಲ್ಲಿ ಆಯ್ಕೆ, ಮೆಡಿಕಲ್, ಪುಸ್ತಕದ ಓದು ಮುಗಿಸಿ, ಏಪ್ರಿಲ್‌ನಲ್ಲಿ ಹಾರಾಟ ಶುರು ಮಾಡಿದರೆ ಬೇಸಿಗೆ ಮುಗಿಯುವಷ್ಟರಲ್ಲಿ ದಡ ಸೇರುತ್ತಾರೆ.

ಹೋಟೆಲಿನವರು "ಪ್ಲೇಟಿಗೆ 52 ಪ್ಲಸ್ ಪ್ಲಸ್" ಅನ್ನುತ್ತಾರೆ. ಆ ಎರಡು ಪ್ಲಸ್ ಇದೆಯಲ್ಲ, ಅದರಲ್ಲೇ ನಾವು ಮುಳುಗಿದ್ದು. ಮೊದಲ ಪ್ಲಸ್ ಸರ್ವಿಸ್ ಚಾರ್ಜು, 22 ಪರ್ಸೆಂಟ್ ಅಂದುಕೊಳ್ಳಿ, 52 ಹೋಗಿ 63.44 ಆಯಿತು. ಎರಡನೇ ಪ್ಲಸ್ ತೆರಿಗೆ, 7.5 ಪರ್ಸೆಂಟ್, ಅದೂ ಸರ್ವಿಸ್ ಚಾರ್ಜಿನ ಮೇಲೂ ಸೇರಿಸಿ. 68.20. 180 ಜನಕ್ಕೆ ಲೆಕ್ಕ ಹಾಕಿ: 12,276. ನಾವು 52ರಲ್ಲೇ ಬಜೆಟ್ ಹಾಕಿದ್ದೆವು, ಸುಮಾರು 3,000 ಡಾಲರ್ ಗಾಳಿಗೆ ಹೋಯಿತು. ಹನ್ನೆರಡು ಗಂಟೆಯ ಹಾರಾಟ ಅದು! ಕೊಟೇಶನ್ ಕೇಳುವಾಗ "ಎಲ್ಲ ಸೇರಿ ಒಂದು ಪ್ಲೇಟಿಗೆ ಕೊನೆಯ ಬಿಲ್ಲಿನಲ್ಲಿ ಎಷ್ಟು?" ಅಂತ ಬರಹದಲ್ಲಿ ತೆಗೆದುಕೊಳ್ಳಿ. ಹೊರಗಿನ ಕೇಟರಿಂಗ್ ಬಿಡುತ್ತಾರಾ, ಬಿಟ್ಟರೆ ಎಷ್ಟು ದಂಡ, ಅದನ್ನೂ ಕೇಳಿ. ನಾವು ಬಿಸಿಬೇಳೆಬಾತ್ ತರುತ್ತೇವೆ ಅಂದಾಗ ಮ್ಯಾನೇಜರ್ ಮೊದಲು ಕೇಳಿದ್ದು ಹಾಗಂದರೆ ಏನು ಅಂತಲ್ಲ, ಇನ್ಶೂರೆನ್ಸ್ ಇದೆಯಾ ಅಂತ.

ಟಿಕೆಟ್ಟಿನಿಂದ ದುಡ್ಡು ಬರುವುದಿಲ್ಲ

ಮೊದಲ ವರ್ಷ ಟಿಕೆಟ್ 125. ಧ್ವಜ ಹಿಡಿದು ಬರುವ ಕಲರ್ ಗಾರ್ಡ್ ಹುಡುಗರು, ಭಾಷಣದವರು, ಪಾದ್ರಿ, ಅಂತ 14 ಜನಕ್ಕೆ ಬಿಟ್ಟಿ. ಉಳಿದ 166 ಟಿಕೆಟ್ಟಿನಿಂದ 20,750. ಊಟ ಕಳೆಯಿರಿ, ಸೌಂಡು, ಹೂವು, ಪ್ರಿಂಟಿಂಗಿಗೆ 3,000 ಕಳೆಯಿರಿ. ಉಳಿದದ್ದು 5,500ಕ್ಕೂ ಸ್ವಲ್ಪ ಕಡಿಮೆ. ಅಷ್ಟು ಜನ ಆರು ತಿಂಗಳು ಒದ್ದಾಡಿ ಒಂದು ಲೈಸೆನ್ಸಿನ ಮೂರನೇ ಒಂದು ಭಾಗ! ಟಿಕೆಟ್ ಅನ್ನುವುದು ಜನರನ್ನು ಹಾಲಿಗೆ ತಂದು ಕೂರಿಸುವ ಖರ್ಚನ್ನು ತೂಗಿಸಿದರೆ ಸಾಕು. ದುಡ್ಡು ಬರುವುದು ಎರಡೇ ಕಡೆಯಿಂದ, ಸ್ಪಾನ್ಸರ್‌ಗಳು ಮತ್ತು ಆ ರಾತ್ರಿ ಕೈ ಎತ್ತುವವರು.

ಸ್ಪಾನ್ಸರ್‌ಗೆ "ಗೋಲ್ಡ್, ಸಿಲ್ವರ್, ಪ್ಲಾಟಿನಂ" ಅಂತ ಚೀಟಿ ಹಿಡಿದುಕೊಂಡು ಹೋಗುವುದು ಬಿಟ್ಟೆವು. ಈಗ ಕೇಳುವುದು ಹೀಗೆ: ಮೊದಲ ಸೋಲೋ ತನಕದ ಖರ್ಚು ನಿಮ್ಮದಾ? ರಾತ್ರಿ ಹಾರಾಟದ ಮೂರು ಗಂಟೆ ನಿಮ್ಮದಾ? ಬೇರೆ ಊರುಗಳಿಗೆ ಹೋಗಿ ಬರುವ 150 ನಾಟಿಕಲ್ ಮೈಲಿಯ ದೊಡ್ಡ ಕ್ರಾಸ್ ಕಂಟ್ರಿ ಹಾರಾಟ ನಿಮ್ಮದಾ? ಲೈಸೆನ್ಸಿಗೆ ಇವೆಲ್ಲ ಬೇಕೇ ಬೇಕಾದವು, ಪ್ರತಿಯೊಂದಕ್ಕೂ ಒಂದು ಬೆಲೆ ಇದೆ. ನಮ್ಮೂರಿನ ಒಬ್ಬ ದಂತವೈದ್ಯರು, ಕನ್ನಡದವರೇ, ರಾತ್ರಿ ಹಾರಾಟ ಆರಿಸಿಕೊಂಡರು. ಯಾಕೆ ಸಾರ್ ಅಂದರೆ "ನಿಮ್ಮ ಹುಡುಗ ಕತ್ತಲಲ್ಲಿ ಹತ್ತು ಸಲ ಇಳಿಸಬೇಕಂತಲ್ಲ, ಅದಕ್ಕೆ ಧೈರ್ಯ ಬೇಕು ಕಣ್ರೀ" ಅಂದರು. ಪಟ್ಟಿಯಲ್ಲಿ ಅದನ್ನು ಓದಿಕೊಂಡೇ ಬಂದಿದ್ದರು.

ಆ ಸಂಜೆ

ಧ್ವಜ ಹಿಡಿದು ಬರುವ ಕಲರ್ ಗಾರ್ಡಿಗೆ ನೇರವಾಗಿ ವಾಯುಪಡೆ ನೆಲೆಗೆ ಫೋನ್ ಮಾಡಬೇಡಿ. ದುಡ್ಡು ಎತ್ತುವ ಕಾರ್ಯಕ್ರಮಕ್ಕೆ ಸೇವೆಯಲ್ಲಿರುವವರನ್ನು ಕಳಿಸಲು ಅವರಿಗೆ ನಿಯಮದ ಅಡ್ಡಿ ಇದೆ. ಮಾಜಿ ಸೈನಿಕರ ಸಂಘಗಳಾದ ಊರಿನ ಅಮೆರಿಕನ್ ಲೀಜನ್, ವಿಎಫ್‌ಡಬ್ಲ್ಯೂ, ಇಲ್ಲವೇ ನಮ್ಮ ಎನ್‌ಸಿಸಿ ಥರದ ಹೈಸ್ಕೂಲಿನ ಜೂನಿಯರ್ ಆರ್‌ಒಟಿಸಿ ಮಕ್ಕಳನ್ನು ಕೇಳಿ. ಆ ಮಕ್ಕಳು ಬಂದರೆ ಅಪ್ಪ ಅಮ್ಮಂದಿರೂ ಬರುತ್ತಾರೆ. ಸೇನೆಯ ವಿಭಾಗಗಳ ಲಾಂಛನವನ್ನು ಇಂಟರ್‌ನೆಟ್ಟಿನಿಂದ ಎತ್ತಿ ಪೋಸ್ಟರಿಗೆ ಅಂಟಿಸುವುದೂ ಬೇಡ, ಅನುಮತಿ ಬೇಕು ಅದಕ್ಕೆ. ವೇದಿಕೆಯ ಮೇಲೆ ಅಮೆರಿಕದ ಧ್ವಜ ಭಾಷಣಕಾರರ ಬಲಕ್ಕೆ, ಅಂದರೆ ಕೂತವರ ಎಡಕ್ಕೆ.

ಈಗ ಪೇಪರ್ ನ್ಯಾಪ್ಕಿನ್ ವಿಷಯ. ಪಾರ್ಟಿ ಸಾಮಾನಿನ ಅಂಗಡಿಯಲ್ಲಿ ಧ್ವಜದ ಚಿತ್ರ ಇರುವ ನ್ಯಾಪ್ಕಿನ್ ಕಟ್ಟು ಕಟ್ಟು ಸಿಗುತ್ತದೆ, ನಾವೂ ಹತ್ತು ಕಟ್ಟು ತಂದು ಎಲ್ಲ ಟೇಬಲ್ಲಿಗೂ ಚಂದವಾಗಿ ಮಡಚಿ ಇಟ್ಟಿದ್ದೆವು. ಒಬ್ಬ ಹಳೆಯ ಮರೀನ್, 80 ದಾಟಿರಬೇಕು, ಬಂದು ಕೂತರು, ನ್ಯಾಪ್ಕಿನ್ ನೋಡಿದರು, ಒಂದು ಮಾತೂ ಆಡದೆ ಅದನ್ನು ಎತ್ತಿ ಕೋಟಿನ ಜೇಬಿಗೆ ಹಾಕಿಕೊಂಡರು. ಪಕ್ಕದವರದ್ದನ್ನೂ ಎತ್ತಿಕೊಂಡರು. ಇಡೀ ಟೇಬಲ್ಲಿನದ್ದು. ನನಗೆ ಅರ್ಥವಾಗಲಿಲ್ಲ, ಹೋಗಿ ಕೇಳಿದೆ. "ಇದರಲ್ಲಿ ಬಾಯಿ ಒರೆಸಿ ಕಸಕ್ಕೆ ಹಾಕಲು ನನ್ನಿಂದ ಆಗುವುದಿಲ್ಲ ಮಗೂ" ಅಂದರು. ಎಸೆಯುವ ವಸ್ತುವಿನ ಮೇಲೆ ಧ್ವಜ ಅಚ್ಚು ಹಾಕಬಾರದು ಅಂತ ಇಲ್ಲಿನ ಧ್ವಜ ಸಂಹಿತೆಯಲ್ಲೇ ಇದೆ, ಪೇಪರ್ ನ್ಯಾಪ್ಕಿನ್ ಅಂತ ಹೆಸರು ಹೇಳಿಯೇ ಇದೆ. ಊಟ ಬರುವುದಕ್ಕೆ ಮೊದಲು ಅಷ್ಟನ್ನೂ ಎತ್ತಿಸಿದೆವು. ಬಿಳಿ ನ್ಯಾಪ್ಕಿನ್ ತನ್ನಿ, ಅಗ್ಗವೂ ಹೌದು.

ಬಾಗಿಲ ಹತ್ತಿರ ಒಂದು ಚಿಕ್ಕ ದುಂಡು ಟೇಬಲ್ ಹಾಕಿ, ಒಬ್ಬರಿಗೆ ಮಾತ್ರ. ಕಾಣೆಯಾದ, ಸೆರೆಯಾದ ಸೈನಿಕರ ನೆನಪಿಗೆ ಇಲ್ಲಿನ ಸೇನೆಯವರು ಇಡುವ ಟೇಬಲ್ ಅದು. ಬಿಳಿ ಬಟ್ಟೆ, ಒಂದು ಕೆಂಪು ಗುಲಾಬಿ, ತಟ್ಟೆಯಲ್ಲಿ ಒಂದು ಹೋಳು ನಿಂಬೆಹಣ್ಣು, ಚಿಟಿಕೆ ಉಪ್ಪು, ಮಗುಚಿ ಹಾಕಿದ ಲೋಟ, ಒಂದು ಮೇಣದ ಬತ್ತಿ, ಖಾಲಿ ಕುರ್ಚಿ. ನಿಂಬೆ ಅವರ ಕಹಿ ಪಾಡಿಗೆ, ಉಪ್ಪು ಮನೆಯವರ ಕಣ್ಣೀರಿಗೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟು ಗೊತ್ತಿರುವ ನಮಗೆ ಇದನ್ನು ಯಾರೂ ಜಾಸ್ತಿ ವಿವರಿಸಬೇಕಾಗಿಲ್ಲ. ಆ ಕುರ್ಚಿಯ ಮೇಲೆ ಯಾರೂ ಕೋಟು ಹಾಕದಂತೆ ಒಬ್ಬರನ್ನು ನೋಡಿಕೊಳ್ಳಲು ಬಿಡಿ, ಹಾಕುತ್ತಾರೆ.

ಬಲೂನು ಬೇಡ. ಕಾಗದದ ಚೂರು ಹಾರಿಸುವ ಪಟಾಕಿ ಕೊಳವೆ ಅಂತೂ ಬೇಡವೇ ಬೇಡ. ನಮ್ಮಲ್ಲಿ ಒಂದು ಬಲೂನು ಒಡೆಯಿತು, ಮಗುವೊಂದು ಫೋರ್ಕ್ ಚುಚ್ಚಿತ್ತು, ಮೂರು ಟೇಬಲ್ಲಿನಲ್ಲಿ ಮೂರು ಜನ ಒಟ್ಟಿಗೆ ಎದ್ದು ನಿಂತುಬಿಟ್ಟಿದ್ದರು. ಡೊಳ್ಳು ಇಡಬೇಕು ಅಂತಿದ್ದರೆ ಮೊದಲೇ ಮೈಕಿನಲ್ಲಿ ಹೇಳಿ, ಅಷ್ಟು ಸಾಕು. ಗೋಡೆಗೆ ಬೆನ್ನು ಹಾಕಿ ಬಾಗಿಲು ಕಾಣುವ ಜಾಗ ಕೇಳುವವರು ಇರುತ್ತಾರೆ, ಯಾಕೆ ಅಂತ ಕೇಳಬೇಡಿ, ಕೊಟ್ಟುಬಿಡಿ.

ಸ್ಕಾಲರ್‌ಶಿಪ್ ಪಡೆದವರನ್ನು ವೇದಿಕೆಗೆ ಕರೆದು ಯುದ್ಧದ ಗಾಯದ ಕಥೆ ಹೇಳಿಸುವ ಚಾಳಿ ಒಂದಿದೆ. ದುಡ್ಡು ಬರುತ್ತದೆ, ನಿಜ. ನನಗೆ ಅದು ಸರಿ ಕಾಣುವುದಿಲ್ಲ. ಬದಲಿಗೆ ವಿಮಾನದ ಬಗ್ಗೆ ಮಾತಾಡಿಸಿ, ಮೂರೇ ನಿಮಿಷ. ಮೊದಲ ಸಲ ಒಬ್ಬರೇ ಇಳಿಸಿದಾಗ ಪಕ್ಕದ ಸೀಟು ಖಾಲಿ ಇದ್ದದ್ದು ಹೇಗಿತ್ತು ಅಂತ ಕೇಳಿ. ನಮ್ಮ ಎರಡನೇ ವರ್ಷದವರು, ಸೇನೆಯಲ್ಲಿ ಲಾರಿ ಓಡಿಸುತ್ತಿದ್ದ ಹೆಣ್ಣುಮಗಳು, "ಇನ್‌ಸ್ಟ್ರಕ್ಟರ್ ತೂಕ ಇಲ್ಲದ್ದಕ್ಕೆ ವಿಮಾನ ನಾನು ಅಂದುಕೊಂಡದ್ದಕ್ಕಿಂತ ಬೇಗ ನೆಲ ಬಿಟ್ಟಿತು, ಆಗ ನನಗೆ ಬಂದದ್ದು ಧೈರ್ಯ ಅಲ್ಲ, ನಗು" ಅಂದರು. ಹಾಲಿನಲ್ಲಿ ಚಮಚದ ಸದ್ದು ನಿಂತಿತ್ತು.

ಹರಾಜು, ಮತ್ತು ಆರು ನಿಮಿಷದ ಚೀಟಿ

ಕೂಗದೆ ಹಾಳೆಯ ಮೇಲೆ ಬೆಲೆ ಬರೆಯುವ ಸೈಲೆಂಟ್ ಆಕ್ಷನ್‌ಗೆ ವಸ್ತು ಕಡಿಮೆ ಇಡಿ, 20 ಸಾಕು. ಅರ್ಧ ಬೆಲೆಯಿಂದ ಶುರು ಮಾಡಿ. ಇಲ್ಲಿ ಒಂದು ಗುಂಡಿ ಇದೆ, ಗೊತ್ತಿಲ್ಲದೆ ಎಲ್ಲರೂ ಬೀಳುತ್ತಾರೆ: ಸ್ವಂತ ವಿಮಾನ ಇರುವ ಸ್ನೇಹಿತರು "ನನ್ನ ವಿಮಾನದಲ್ಲಿ ಒಂದು ರೌಂಡು" ಅಂತ ಹರಾಜಿಗೆ ಕೊಡುತ್ತಾರೆ. ಪ್ರೈವೇಟ್ ಪೈಲಟ್ ದುಡ್ಡಿಗೆ ಜನರನ್ನು ಹತ್ತಿಸಿಕೊಳ್ಳುವಂತಿಲ್ಲ. ದತ್ತಿ ಕೆಲಸಕ್ಕೆ ಎಫ್‌ಎಎ 91.146 ಅಂತ ಒಂದು ಸಡಿಲಿಕೆ ಕೊಟ್ಟಿದೆ, ಅದಕ್ಕೂ ಷರತ್ತುಗಳಿವೆ: ಪ್ರೈವೇಟ್ ಪೈಲಟ್ ಆದರೆ 500 ಗಂಟೆ ಅನುಭವ, ಹಗಲು ಹಾರಾಟ, ವಿಮಾನ ನಿಲ್ದಾಣದಿಂದ 25 ಮೈಲಿಯ ಒಳಗೆ, ಕನಿಷ್ಠ 7 ದಿನ ಮೊದಲು ಎಫ್‌ಎಎ ಸ್ಥಳೀಯ ಕಚೇರಿಗೆ ಪತ್ರ, ಹೀಗೆ. ಇಷ್ಟು ತಲೆನೋವು ಯಾಕೆ? ಫ್ಲೈಟ್ ಸ್ಕೂಲಿನವರನ್ನೇ ಹೊಸಬರಿಗೆ ಹಾರಾಟದ ರುಚಿ ತೋರಿಸುವ ಒಂದು ಡಿಸ್ಕವರಿ ಫ್ಲೈಟ್ ದಾನ ಕೇಳಿ. ಅವರಿಗೆ ಹೊಸ ವಿದ್ಯಾರ್ಥಿ ಸಿಕ್ಕ ಹಾಗೂ ಆಗುತ್ತದೆ. ರಾಫೆಲ್ ಚೀಟಿ, ಅಂದರೆ ಚೀಟಿ ಎತ್ತಿ ಬಹುಮಾನ ಕೊಡುವುದು, ಕಾನೂನಿನ ಲೆಕ್ಕದಲ್ಲಿ ಜೂಜು, ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ, ನಿಮ್ಮ ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲಿ ವಿಚಾರಿಸಿಯೇ ಮಾಡಿ.

ನಿಜವಾದ ದುಡ್ಡು ಪ್ಯಾಡಲ್ ರೈಸ್‌ನಲ್ಲಿ. ಯಾವ ವಸ್ತುವೂ ಇಲ್ಲ, ಬರೀ ಕೈ ಎತ್ತುವುದು. ಊರಿನ ಗಣಪತಿ ಪೆಂಡಾಲಿನಲ್ಲಿ ಲಾಡು ಹರಾಜು ಕೂಗುತ್ತಾರಲ್ಲ, ಒಂದು ಸಾರಿ, ಎರಡು ಸಾರಿ, ಅಂತ, ಇದು ಅದರ ಉಲ್ಟಾ. ಮೇಲಿನಿಂದ ಕೆಳಕ್ಕೆ ಬರಬೇಕು. 5,000 ಯಾರು? 2,500? 1,000? 500? 250? ಮೊದಲ ಕೂಗಿಗೆ ಕೈ ಎತ್ತುವವರನ್ನು ಮೊದಲೇ ಗೊತ್ತುಮಾಡಿ ಇಟ್ಟುಕೊಳ್ಳಿ. ಮೊದಲ ಕೂಗಿಗೆ ಮೌನ ಬಿದ್ದರೆ ಆ ಮೌನ ಕೊನೆಯ ತನಕ ಹೋಗುತ್ತದೆ. ಊಟಕ್ಕೆ ಮೊದಲೂ ಬೇಡ, ಸಿಹಿ ತಿಂದು ಕಾರಿನ ಕೀ ಹುಡುಕುವಾಗಲೂ ಬೇಡ, ಊಟದ ತಟ್ಟೆ ಎತ್ತುವ ಹೊತ್ತು ಸರಿ.

250ಕ್ಕೆ ನಿಲ್ಲಿಸುವವರಿದ್ದಾರೆ. ನಾವು ನಿಲ್ಲಿಸುವುದಿಲ್ಲ. ಬಾಡಿಗೆ ವಿಮಾನದ ಡ್ಯಾಶ್‌ಬೋರ್ಡಿನಲ್ಲಿ ಹಾಬ್ಸ್ ಮೀಟರ್ ಅಂತ ಒಂದು ಪುಟ್ಟ ಡಬ್ಬಿ ಇರುತ್ತದೆ, ಆಟೋ ಮೀಟರಿನ ಅಣ್ಣ ಅಂದುಕೊಳ್ಳಿ. ಬಾಡಿಗೆ ಲೆಕ್ಕ ಅದರದ್ದೇ. ಕೊನೆಯ ಅಂಕಿ ಗಂಟೆಯ ಹತ್ತನೇ ಒಂದು ಭಾಗ, ಆರು ನಿಮಿಷಕ್ಕೊಮ್ಮೆ ಉರುಳುತ್ತದೆ. ಗಂಟೆಗೆ 250 ಆದರೆ ಆರು ನಿಮಿಷಕ್ಕೆ 25. ಹಾಲಿನಲ್ಲಿ ಒಂದು ದೊಡ್ಡ ಬೋರ್ಡಿನ ಮೇಲೆ ಹಾಬ್ಸ್ ಮೀಟರಿನ ಹಾಗೆ 00.0 ಅಂತ ಬರೆದು, ಪ್ರತಿ 25 ಡಾಲರಿಗೂ ಒಂದು ಅಂಕಿ ಏರಿಸಿದೆವು. ಕಾಲೇಜು ಮಕ್ಕಳು, ಅಡುಗೆಮನೆಯಿಂದ ಇಣುಕುತ್ತಿದ್ದ ಹೋಟೆಲ್ ಹುಡುಗರು, ಯಾರು ಬೇಕಾದರೂ ಆರು ನಿಮಿಷ ಕೊಳ್ಳಬಹುದು. 64.7ರಲ್ಲಿ ನಿಂತುಹೋದಾಗ ಹಿಂದಿನ ಟೇಬಲ್ಲಿನಿಂದ ಒಬ್ಬ ಹತ್ತು ವರ್ಷದ ಹುಡುಗ "ಇನ್ನು ಮೂರೇ!" ಅಂತ ಕೂಗಿದ. ಅವರಪ್ಪ ಜೇಬಿಗೆ ಕೈ ಹಾಕಲೇಬೇಕಾಯಿತು.

ಯಾರಿಗೆ ಕೊಡುವುದು, ಹೇಗೆ ಕೊಡುವುದು

ಅರ್ಜಿಯ ಜೊತೆ ಡಿಡಿ 214 ಕೇಳಿ, ಸೇನೆಯಿಂದ ಬಿಡುಗಡೆಯಾದ ಕಾಗದ ಅದು. ಅದರ ಮೇಲೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಇರಬಹುದು, ಅಳಿಸಿ ಕಳಿಸಲು ಹೇಳಿ, ವಾಟ್ಸಾಪ್ ಗುಂಪಿನಲ್ಲಿ ಹಾಕಿಸಿಕೊಳ್ಳಬೇಡಿ. ಗ್ರೀನ್ ಕಾರ್ಡ್ ಮೇಲೆ ಸೇನೆಗೆ ಸೇರಿ ಇನ್ನೂ ನಾಗರಿಕರಾಗದವರು ಇರುತ್ತಾರೆ, ಅಂಥವರಿಗೆ ಹಾರಾಟ ಕಲಿಯುವ ಮೊದಲು ಸಾರಿಗೆ ಭದ್ರತಾ ಇಲಾಖೆಯಾದ ಟಿಎಸ್‌ಎ ಒಪ್ಪಿಗೆ ಬೇಕು, ಅದಕ್ಕೆ ಸಮಯ ಇಟ್ಟುಕೊಳ್ಳಿ. ಕಮಿಟಿಯವರ ನೆಂಟರು ಅರ್ಜಿ ಹಾಕುವಂತಿಲ್ಲ. ಇದನ್ನು ಮೊದಲ ಮೀಟಿಂಗಿನಲ್ಲೇ ಬರೆದುಬಿಡಿ, ಆಮೇಲೆ ಹೇಳಲು ಮುಜುಗರ.

ಮೆಡಿಕಲ್ ಬಗ್ಗೆ ಸ್ವಲ್ಪ ನಿಧಾನವಾಗಿ ಓದಿ. ಲೈಸೆನ್ಸಿನ ದಾರಿಯಲ್ಲಿ ಸಾಮಾನ್ಯವಾಗಿ ಥರ್ಡ್ ಕ್ಲಾಸ್ ಮೆಡಿಕಲ್ ಅನ್ನುವ ಆರೋಗ್ಯದ ಪ್ರಮಾಣಪತ್ರ ಬೇಕು. ಅದರ ಫಾರ್ಮಿನಲ್ಲಿ ಅಂಗವೈಕಲ್ಯದ ಭತ್ಯೆಯ ಬಗ್ಗೆ ನೇರ ಪ್ರಶ್ನೆ ಇದೆ, ಮಾಜಿ ಸೈನಿಕರ ಇಲಾಖೆಯಾದ ವಿಎ ಕೊಡುವ ಭತ್ಯೆಯೂ ಅದರಲ್ಲಿ ಸೇರಿತು. ಮುಚ್ಚಿಟ್ಟರೆ ಅದು ಅಪರಾಧ, ಹಾಗೆ ಮುಚ್ಚಿಟ್ಟು ಸಿಕ್ಕಿಬಿದ್ದ ಮಾಜಿ ಸೈನಿಕ ಪೈಲಟ್‌ಗಳು ಇದ್ದಾರೆ. ನಿಜ ಹೇಳಿದರೆ ಕಾಗದದ ಮೇಲೆ ಕಾಗದ, ತಿಂಗಳುಗಟ್ಟಲೆ ಕಾಯುವುದು. ಆದ್ದರಿಂದ ಫಾರ್ಮ್ ಒಪ್ಪಿಸುವುದಕ್ಕೂ ಮೊದಲೇ ಎಫ್‌ಎಎ ಮಾನ್ಯತೆ ಇರುವ ವೈದ್ಯರ ಜೊತೆ ಬರೀ ಮಾತುಕತೆಗೆ ಅಂತ ಒಂದು ಭೇಟಿ ಮಾಡಿಸಿ, ಆ ಫೀಸನ್ನು ನೀವೇ ಕೊಡಿ. ಒಮ್ಮೆ ತಿರಸ್ಕಾರ ಆಯಿತು ಅಂದರೆ ಉಳಿದ ಸುಲಭದ ದಾರಿಗಳೂ ಮುಚ್ಚಿಕೊಳ್ಳುತ್ತವೆ. ಮೆಡಿಕಲ್ ಕೈಗೆ ಬಂದ ಮೇಲೆಯೇ ಸ್ಕಾಲರ್‌ಶಿಪ್ ಘೋಷಣೆ. ವೇದಿಕೆಯ ಮೇಲೆ ದೊಡ್ಡ ಚೆಕ್ಕು ಕೊಟ್ಟು, ಆಮೇಲೆ ಮೆಡಿಕಲ್ ಸಿಗದೆ, ಊರವರ ಮುಂದೆ ಆ ಮನುಷ್ಯ ತಲೆ ತಗ್ಗಿಸುವ ಹಾಗೆ ಮಾಡಬೇಡಿ.

ದುಡ್ಡನ್ನು ವ್ಯಕ್ತಿಗೆ ಕೊಡಬೇಡಿ, ಸ್ಕೂಲಿಗೆ ಕೊಡಿ. ಅದನ್ನೂ ಒಟ್ಟಿಗೆ ಕೊಡಬೇಡಿ. ಮುಂಗಡ ಕಟ್ಟಿದರೆ ಹತ್ತು ಪರ್ಸೆಂಟ್ ರಿಯಾಯಿತಿ ಅಂತ ಆಸೆ ತೋರಿಸುತ್ತಾರೆ. ನಾವು ಒಮ್ಮೆ ಆಸೆಗೆ ಬಿದ್ದು 4,000 ಕಟ್ಟಿದೆವು, ಎರಡು ತಿಂಗಳಲ್ಲಿ ಆ ಸ್ಕೂಲಿನ ಬಾಗಿಲಿಗೆ ಬೀಗ. ಫೋನ್ ಇಲ್ಲ, ಈಮೇಲ್ ಇಲ್ಲ, ಆ ದುಡ್ಡು ಇವತ್ತಿಗೂ ಬಂದಿಲ್ಲ. ಈಗ ತಿಂಗಳಿಗೊಮ್ಮೆ ಬಿಲ್ಲು, ಬಿಲ್ಲಿನ ಜೊತೆ ಲಾಗ್‌ಬುಕ್ಕಿನ ಆ ಪುಟದ ಫೋಟೋ, ಎರಡೂ ಹೊಂದಿದರೆ ಚೆಕ್ಕು. ಬಿಲ್ಲು ಬಂದ ಒಂದು ವಾರದೊಳಗೆ ಕೊಟ್ಟುಬಿಡಿ, ನಿಮ್ಮ ಮೀಟಿಂಗಿಗೆ ಕಾಯಿಸಿ ಅವರ ಪಾಠ ನಿಲ್ಲಿಸಬೇಡಿ. ಬರಹದ ಪರೀಕ್ಷೆಯನ್ನು ಚಳಿಗಾಲದಲ್ಲೇ ಮುಗಿಸಲು ಒತ್ತಾಯಿಸಿ. 60 ಪ್ರಶ್ನೆ, 70 ಪರ್ಸೆಂಟ್ ಬಂದರೆ ಪಾಸು, ಅದು ಮುಗಿದರೆ ಬೇಸಿಗೆ ಪೂರ್ತಿ ಹಾರಾಟಕ್ಕೆ. ಚೆಕ್‌ರೈಡ್ ಎಕ್ಸಾಮಿನರ್ ಡೇಟು ಸಿಗುವುದು ಕಷ್ಟ, ಸ್ಕೂಲಿನವರಿಗೆ ತಿಂಗಳುಗಳ ಮೊದಲೇ ನೆನಪಿಸುತ್ತಿರಿ. 65 ಗಂಟೆಯಲ್ಲಿ ಮುಗಿಯಲಿಲ್ಲ ಅಂದರೆ? ಮುಗಿಯುವುದಿಲ್ಲ ಎಷ್ಟೋ ಸಲ. ಹತ್ತು ಗಂಟೆಯ ದುಡ್ಡನ್ನು ಪಕ್ಕಕ್ಕೆ ಇಟ್ಟಿರಿ, ಯಾರಿಗೂ ಹೇಳಬೇಡಿ.

ದಾನ ಕೊಟ್ಟವರಿಗೆ ವರ್ಷಕ್ಕೊಂದು ಹೊಳೆಯುವ ಪುಸ್ತಿಕೆ ಕಳಿಸುವ ಬದಲು ತಿಂಗಳಿಗೆ ಎರಡೇ ಸಾಲಿನ ಮೆಸೇಜ್ ಕಳಿಸಿ. "ಇವತ್ತಿಗೆ 31.4 ಗಂಟೆ. ನಿನ್ನೆ ಗಾಳಿ ಜೋರಿತ್ತು, ಎರಡು ಸಲ ಇಳಿಸದೆ ಮತ್ತೆ ಮೇಲೆ ಹೋದರು, ಮೂರನೇ ಸಲ ಇಳಿಸಿದರು." ಇಷ್ಟು ಸಾಕು, ಮುಂದಿನ ವರ್ಷದ ಟಿಕೆಟ್ ಅಲ್ಲೇ ಮಾರಾಟವಾಗುತ್ತದೆ.

ಮತ್ತೆ, ಅಂಗಿಯ ತುಂಡು ಕೇಳಿ ಇಟ್ಟುಕೊಳ್ಳುವುದನ್ನು ಮರೆಯಬೇಡಿ. ಮೊದಲ ಸೋಲೋ ಮುಗಿಸಿ ಇಳಿದವರ ಅಂಗಿಯ ಬೆನ್ನಿನ ಬಟ್ಟೆಯನ್ನು ಇನ್‌ಸ್ಟ್ರಕ್ಟರ್ ಕತ್ತರಿಯಿಂದ ಕತ್ತರಿಸಿ, ಅದರ ಮೇಲೆ ತಾರೀಖು ಬರೆಯುವುದು ಇಲ್ಲಿನ ಹಳೆಯ ಪದ್ಧತಿ. ಹಿಂದೆ ಮುಂದೆ ಸೀಟು ಇರುವ ವಿಮಾನಗಳ ಕಾಲದಲ್ಲಿ ಇನ್‌ಸ್ಟ್ರಕ್ಟರ್ ಹಿಂದಿನಿಂದ ಅಂಗಿ ಹಿಡಿದು ಎಳೆದು ಸೂಚನೆ ಕೊಡುತ್ತಿದ್ದರಂತೆ, ಇನ್ನು ಎಳೆಯಬೇಕಾಗಿಲ್ಲ ಅಂತ ಕತ್ತರಿಸುವುದು. ನಮ್ಮ ಲಾರಿ ಚಾಲಕಿಯ ನೀಲಿ ಅಂಗಿಯ ತುಂಡಿಗೆ ಫ್ರೇಮ್ ಹಾಕಿಸಿ ಮೂರನೇ ವರ್ಷದ ಗಾಲಾದಲ್ಲಿ ಟಿಕೆಟ್ ಟೇಬಲ್ ಹಿಂದೆ ತೂಗುಹಾಕಿದ್ದೆವು. ಬಂದವರೆಲ್ಲ ಇದೇನು ಅಂತ ಕೇಳುತ್ತಿದ್ದರು. ಉತ್ತರ ಹೇಳಲು ಅವರನ್ನೇ ಅಲ್ಲಿ ನಿಲ್ಲಿಸಿದ್ದೆವು, ಅವತ್ತು ಅವರು ಹೇಳಿದ ಮೊದಲ ಮಾತು, "ಸೋಲೋ ದಿನ ಹೊಸ ಅಂಗಿ ಹಾಕಬೇಡ ಅಂತ ನನಗೆ ಯಾರೂ ಹೇಳಿರಲಿಲ್ಲ."